ಫೋಮ್ ಟ್ರೇಲರ್‌ಗೆ ಯಾವ ಹೊದಿಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೇಲೇ ಕೂತು ಕ್ಯಾಂಪಿಂಗ್ ಟ್ರೇಲರ್ ಕಟ್ಕೊಳ್ಳೋ ಹುಚ್ಚು ಅಮೆರಿಕದಲ್ಲಿ ಹಳೇದು. ಮರದ ಬದಲು ಫೋಮ್ ಶೀಟಿಂದ ಕಟ್ಟೋದು ಈಗ ಅಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ, ಅಲ್ಲಿರೋ ನಮ್ಮ ಓದುಗರೂ ಶುರು ಹಚ್ಕೊಂಡಿದ್ದಾರೆ. ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳಿರೋದು ಹೊರಗಡೆ ಏನು ಹೊದಿಸ್ಬೇಕು ಅಂತಾನೇ, ಹಾಗಾಗಿ ಈ ಸಲದ ಕಾಲಂ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಸರ್, ನಮ್ಮೂರು ಶಿವಮೊಗ್ಗದ ಹತ್ರ, ಈಗಿರೋದು ಒರೆಗಾನ್‌ನ ಪೋರ್ಟ್‌ಲ್ಯಾಂಡಲ್ಲಿ. 4x8 ಅಡಿಯ ಮಡಚೋ ಟ್ರೇಲರ್ ತಗೊಂಡು ಅದರ ಮೇಲೆ 2 ಇಂಚು ದಪ್ಪದ ಗುಲಾಬಿ ಬಣ್ಣದ ಫೋಮ್ ಶೀಟಿಂದ ಮಲಗೋಕೆ ಒಂದು ಪೆಟ್ಟಿಗೆ ಥರ ಕಟ್ಟಿದೀವಿ, ಜೋಡಿಸೋ ಕೆಲಸ ಮುಗಿದಿದೆ. ಹೊರಗಡೆಗೆ ಒಬ್ಬರು ಕ್ಯಾನ್ವಾಸ್ ಬಟ್ಟೆ ಅಂಟಿಸಿ ಪೇಂಟ್ ಹೊಡಿ ಅಂತಾರೆ, ಇನ್ನೊಬ್ಬರು ಫೈಬರ್‌ಗ್ಲಾಸ್ ಬಿಟ್ರೆ ಬೇರೆ ಏನೂ ನಿಲ್ಲಲ್ಲ ಅಂತಾರೆ. ಇಲ್ಲಿ ಮಳೆ ಜಾಸ್ತಿ, ಬಟ್ಟೆ ನಿಜವಾಗ್ಲೂ ತಡೆಯುತ್ತಾ?

ಉತ್ತರ: ತಡೆಯುತ್ತೆ. ಆದರೆ ನೀವು ಒಂದು ವಿಷಯ ಬರೆದೇ ಇಲ್ಲ, ಟ್ರೇಲರ್ ಎಲ್ಲಿ ನಿಲ್ಲಿಸ್ತೀರಿ? ಯಾರೇ ಇಟ್ಕೊಂಡ್ರೂ ವರ್ಷದಲ್ಲಿ ಅದು ರಸ್ತೆ ಮೇಲೆ ಓಡೋದು ಕೆಲವೇ ದಿನ, ಮಿಕ್ಕಿದ್ದಷ್ಟೂ ದಿನ ನಿಂತಲ್ಲೇ ನಿಂತಿರತ್ತೆ, ಹೊದಿಕೆ ಹಾಳಾಗೋದು ಆ ನಿಂತಿರೋ ದಿನಗಳಲ್ಲಿ. ಗ್ಯಾರೇಜ್ ಒಳಗೋ ಕಾರ್‌ಪೋರ್ಟ್ ಕೆಳಗೋ ನಿಲ್ಲಿಸೋದಾದ್ರೆ ಕಣ್ಣು ಮುಚ್ಚಿ ಕ್ಯಾನ್ವಾಸ್ ಹಾಕಿ. ಮನೆ ಮುಂದೆ ಬಯಲಲ್ಲಿ, ಅದೂ ಮರದ ಕೆಳಗೆ ಎಲೆ ಪಾಚಿ ಎಲ್ಲ ಬೀಳೋ ಕಡೆ ಅಂದ್ರೆ ಗ್ಲಾಸ್ ಬಟ್ಟೆ (ಗಾಜಿನ ನೂಲಿಂದ ನೇಯ್ದದ್ದು, ಫೈಬರ್‌ಗ್ಲಾಸ್ ಅನ್ನೋದು ಇದನ್ನೇ) ಮತ್ತು ಎಪಾಕ್ಸಿಗೆ (ಎರಡು ದ್ರವ ಕಲಸಿದ್ರೆ ಗಟ್ಟಿ ಆಗೋ ರೆಸಿನ್) ದುಡ್ಡು ಹಾಕಿ. ಪೋರ್ಟ್‌ಲ್ಯಾಂಡಿನ ಮಳೆ ವರ್ಷಕ್ಕೆ 900 ಮಿಲಿಮೀಟರ್ ಆಸುಪಾಸು, ಶಿವಮೊಗ್ಗ ಕಡೆಯವರಾದ ನಿಮಗೆ ಅದೇನು ದೊಡ್ಡ ಲೆಕ್ಕ ಅಲ್ಲ, ಆದ್ರೆ ಅಕ್ಟೋಬರಲ್ಲಿ ಹಿಡಿದ್ರೆ ಮೇ ತನಕ ಜಿಟಿಜಿಟಿ ಅಂತಾನೇ ಇರತ್ತೆ, ಮಧ್ಯೆ ಒಣಗೋಕೆ ಬಿಡೋದೇ ಇಲ್ಲ, ಬಟ್ಟೆಗೆ ಕಷ್ಟ ಆಗೋದು ಆ ಬಿಡದ ತೇವದಿಂದ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನಿಮ್ಮ ಗುಲಾಬಿ ಶೀಟು ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್, ಎಕ್ಸ್‌ಪಿಎಸ್ ಅಂತಾರೆ, ಒಂದು ಕಂಪನಿದು ಗುಲಾಬಿ ಇನ್ನೊಂದರದ್ದು ನೀಲಿ, ಗುಣ ಹೆಚ್ಚುಕಮ್ಮಿ ಒಂದೇ. 4x8 ಅಡಿಯ 2 ಇಂಚಿನ ಶೀಟು 4 ಕೆಜಿ ಆಸುಪಾಸು ತೂಗುತ್ತೆ, ಅಷ್ಟೇ ಅಳತೆಯ ಅರ್ಧ ಇಂಚು ಪ್ಲೈವುಡ್ ಎತ್ತಿ ನೋಡಿದವರಿಗೆ ವ್ಯತ್ಯಾಸ ಗೊತ್ತು. ನೀರು ಕುಡಿಯೋದು ತೀರಾ ಕಡಿಮೆ, ಚಳಿ ಶೆಖೆ ಎರಡೂ ತಡೆಯುತ್ತೆ. ಆದರೆ ಬಿಸಿಲು ನೇರ ಬಿದ್ರೆ ಮೇಲ್ಮೈ ಹಳದಿ ಆಗಿ ಪುಡಿ ಉದುರತ್ತೆ, ಉಗುರು ತಾಗಿದ್ರೆ ಗುಂಡಿ ಬೀಳತ್ತೆ, ಪೆಟ್ರೋಲು, ಥಿನ್ನರ್, ಅಸಿಟೋನ್ ಸೋಕಿದ್ರೆ ಕರಗಿಯೇ ಹೋಗತ್ತೆ. ಬರೀ ಶೀಟು ಹಿಡಿದು ಬಗ್ಗಿಸಿದ್ರೆ ಲಟಕ್ ಅಂತ ಮುರಿಯತ್ತೆ, ಅದೇ ಶೀಟಿಗೆ ಎರಡೂ ಕಡೆ ಬಟ್ಟೆ ಅಂಟಿಸಿ ಒಣಗಿಸಿ ಬಗ್ಗಿಸಿ ನೋಡಿ, ಅದರ ಮೇಲೆ ನಿಂತ್ಕೋಬಹುದು ಅನ್ನೋ ಅಷ್ಟು ಗಟ್ಟಿ ಆಗಿರತ್ತೆ. ಹೈವೇಲಿ ಗಂಟೆಗೆ 105 ಕಿಲೋಮೀಟರ್ ಓಡೋವಾಗ ಎದುರುಗಡೆಯ ಗೋಡೆ ಮೇಲೆ ಗಾಳಿ ಚದರ ಮೀಟರಿಗೆ ಸುಮಾರು 50 ಕೆಜಿ ಭಾರದಷ್ಟು ಒತ್ತತ್ತೆ, ಲಾರಿ ಪಕ್ಕದಲ್ಲಿ ಹಾದ್ರೆ ಪಕ್ಕದ ಗೋಡೆಗೂ ಪೆಟ್ಟು. ಅದನ್ನೆಲ್ಲ ತಡ್ಕೊಳ್ಳೋದು ಈ ಹೊದಿಕೆನೇ, ಹಾಗಾಗಿ ಅದನ್ನ ಬರೀ ಮಳೆ ಕೋಟು ಅಂತ ಲೆಕ್ಕ ಹಾಕಬೇಡಿ, ಒಳಗಡೆ ಗೋಡೆಗೂ ಒಂದು ಪದರ ಬಟ್ಟೆ ಹಾಕಿ.

ತುಂಗಭದ್ರೆಯ ಹರಿಗೋಲು ನೋಡಿರ್ತೀರಲ್ಲ, ಬಿದಿರಿನ ಬುಟ್ಟಿಗೆ ನೀರು ಹೋಗದ ಹಾಗೆ ಹೊದಿಕೆ ಬಳಿದು, ಸವೆದಾಗ ಮತ್ತೆ ಬಳೀತಾರೆ, ಕ್ಯಾನ್ವಾಸ್ ಹೊದಿಕೇನೂ ಅದೇ ಜಾತಿಯದ್ದು, ಒಂದು ಸಲ ಹಾಕಿ ಮರೆತುಬಿಡೋದಲ್ಲ. ಎರಡು ಮೂರು ವರ್ಷಕ್ಕೆ ಒಂದ್ಸಲ ತೊಳೆದು ಹೊಸ ಪೇಂಟ್ ಕೋಟು ಕೊಡೋ ಮನಸ್ಸಿದ್ರೆ ಅದು ಬಾಳತ್ತೆ.

ಹಾಕೋ ಕ್ರಮ ಹೇಳ್ತೀನಿ. ಫೋಮ್ ಮೇಲಿರೋ ತೆಳು ಪ್ಲಾಸ್ಟಿಕ್ ಹಾಳೆ ಇದ್ರೆ ಪೂರ್ತಿ ಕಿತ್ತು ಹಾಕಿ, ಆಮೇಲೆ ಒರಟು ಸ್ಯಾಂಡ್‌ಪೇಪರಲ್ಲಿ ಹೊಳಪು ಹೋಗೋ ತನಕ ಉಜ್ಜಿ. ವಾಲ್‌ಪೇಪರ್ ಕೀಳೋವಾಗ ತೂತು ಹೊಡಿಯೋ ಹಲ್ಲಿನ ಚಕ್ರ ಸಿಗತ್ತೆ ಹಾರ್ಡ್‌ವೇರ್ ಅಂಗಡೀಲಿ, ಅದನ್ನ ಮೇಲೆಲ್ಲ ಓಡಿಸಿದ್ರೆ ಸಣ್ಣ ಸಣ್ಣ ತೂತಾಗಿ ಗೋಂದಿಗೆ ಕಚ್ಕೊಳ್ಳೋಕೆ ಜಾಗ ಸಿಗತ್ತೆ, ಈ ಅರ್ಧ ದಿನದ ಕೆಲಸ ದಯವಿಟ್ಟು ಬಿಡಬೇಡಿ. ಪುಡಿ ಒರೆಸಿ. ಗೋಂದು ಅಂದ್ರೆ ಟೈಟ್‌ಬಾಂಡ್ 2 ಅಥವಾ 3, ಮರದ ಕೆಲಸದವರು ಬಳಸೋದು, 3 ನೀರಿಗೆ ಹೆಚ್ಚು ತಡೆಯತ್ತೆ, ನಿಮ್ಮ ಊರಿಗೆ ಅದೇ ಇರಲಿ. ರೋಲರಲ್ಲಿ ಫೋಮ್ ಮೇಲೆ ಗೋಂದು ಬಳಿದು, ಕ್ಯಾನ್ವಾಸ್ ಹಾಸಿ, ಕೈಯಲ್ಲಿ ನಡುವಿಂದ ಅಂಚಿಗೆ ಸವರ್ತಾ ಗಾಳಿ ಹೊರಗೆ ಹಾಕಿ, ಆಮೇಲೆ ಸ್ವಲ್ಪ ನೀರು ಬೆರೆಸಿದ ಗೋಂದನ್ನ ಬಟ್ಟೆ ಮೇಲೂ ರೋಲರಲ್ಲಿ ಕುಡಿಸಿ. ಬಟ್ಟೆ ಪೂರ್ತಿ ನೆನೆದು ಬಣ್ಣ ಕಪ್ಪಾಗಬೇಕು, ಎಲ್ಲಾದ್ರೂ ಬಿಳಿ ಬಿಳಿ ಕಂಡ್ರೆ ಅಲ್ಲಿ ಗೋಂದು ಸಾಲದು ಅಂತ. ಒಣಗೋವಾಗ ಹತ್ತಿ ಬಟ್ಟೆ ಎಳ್ಕೊಳ್ಳತ್ತೆ, ಅಂಚಲ್ಲಿ ನಾಲ್ಕು ಇಂಚಾದ್ರೂ ಜಾಸ್ತಿ ಬಿಟ್ಟಿರಿ. ಎರಡು ತುಂಡು ಸೇರೋ ಕಡೆ ಎರಡು ಇಂಚು ಒಂದರ ಮೇಲೊಂದು ಬರಲಿ, ಮಾಡಿಂದು ಗೋಡೆಯದರ ಮೇಲೆ, ಮುಂದಿನದು ಪಕ್ಕದ್ದರ ಮೇಲೆ, ಆಗ ಇಳಿಯೋ ನೀರಿಗೂ ನುಗ್ಗೋ ಗಾಳಿಗೂ ಬಾಯಿ ಸಿಗಲ್ಲ. ಬಾಗಿಲು ಕಿಟಕಿ ತೂತಿನ ಹತ್ರ ಬಟ್ಟೆನ ಅಂಚಿಗೆ ಕತ್ತರಿಸಿ ಬಿಡಬೇಡಿ, ಒಳಗೆ ಮಡಚಿ ಒಳಗಿನ ಗೋಡೆಗೆ ಅಂಟಿಸಿ. ನಾನು ನೋಡಿರೋ ಸೋರೋ ಟ್ರೇಲರ್‌ಗಳಲ್ಲಿ ನೀರು ಒಳಗೆ ಹೋಗಿರೋದು ಇಂಥ ಕತ್ತರಿಸಿದ ಅಂಚಲ್ಲೇ, ಬಯಲು ಗೋಡೇಲಿ ಸೋರಿದ್ದು ನೋಡಿಲ್ಲ.

ಒಂದು ಎಚ್ಚರ, ಈ ಮರದ ಗೋಂದು ಒಣಗೋದು ಅದರಲ್ಲಿರೋ ನೀರು ಆರಿದಾಗ. ಬಟ್ಟೆ ಮೂಲಕ ನೀರು ಆರತ್ತೆ, ಸರಿ. ಆದ್ರೆ ಫೋಮಿಗೆ ಫೋಮ್ ಅಂಟಿಸೋಕೆ ಇದನ್ನೇ ಹಾಕಿದ್ರೆ ನಡುವಿನ ನೀರು ಎಲ್ಲೂ ಹೋಗೋಕಾಗದೆ ತಿಂಗಳಾದ್ರೂ ಒಳಗೆ ಹಸಿಯಾಗೇ ಇರತ್ತೆ. ಶೀಟು ಶೀಟು ಸೇರಿಸೋಕೆ ಪಾಲಿಯುರೆಥೇನ್ ಗೋಂದೇ ಬೇಕು, ಉಬ್ಬಿ ಗಟ್ಟಿ ಆಗತ್ತಲ್ಲ ಅದು. ನೀವು ಜೋಡಿಸೋಕೆ ಏನು ಹಾಕಿದೀರೋ ಗೊತ್ತಿಲ್ಲ, ಮರದ ಗೋಂದೇ ಹಾಕಿದ್ರೆ ಹೊದಿಸೋ ಮೊದಲು ಒಂದು ಮೂಲೆ ಬಿಡಿಸಿ ನೋಡಿ. ಇನ್ನು ಫೋಮಲ್ಲಿ ಸ್ಕ್ರೂ ನಿಲ್ಲಲ್ಲ, ಬಾಗಿಲ ಹಿಂಜು, ಲೈಟು, ಹಿಡಿಕೆ ಬರೋ ಕಡೆ ಮರದ ತುಂಡು ಹುದುಗಿಸಿ ಆಮೇಲೆ ಬಟ್ಟೆ ಹಾಕಿ. ಹೊರಗೆ 13 ಡಿಗ್ರಿಗಿಂತ ಕಡಿಮೆ ಇದ್ರೆ ಟೈಟ್‌ಬಾಂಡ್ 2 ಸರಿಯಾಗಿ ಕೂಡಲ್ಲ, ಸೀಮೆಸುಣ್ಣದ ಥರ ಬೆಳ್ಳಗೆ ಪುಡಿ ಆಗತ್ತೆ, ಹಾಗಾಗಿ ನಿಮ್ಮೂರಲ್ಲಿ ಈ ಕೆಲಸ ಜುಲೈ ಆಗಸ್ಟಲ್ಲಿ ಮುಗಿಸ್ಕೊಳ್ಳಿ.

ಗೋಂದು ಪೂರ್ತಿ ಒಣಗಿದ ಮೇಲೆ ಮನೆ ಹೊರಗೋಡೆಗೆ ಹೊಡಿಯೋ ಒಳ್ಳೆ ಲೇಟೆಕ್ಸ್ ಪೇಂಟ್. ಮೊದಲ ಕೋಟು ತುಸು ನೀರು ಮಾಡಿ, ನೂಲಿನ ಸಂದಿಗೆಲ್ಲ ಇಳೀಬೇಕು, ಆಮೇಲೆ ಗಟ್ಟಿಯಾಗಿ ಮೂರು ಕೋಟಾದ್ರೂ, ಮಾಡಿಗೆ ಇನ್ನೊಂದು ಜಾಸ್ತಿ. ಸಿಲಿಕೋನ್ ಮಾತ್ರ ಎಲ್ಲೂ ಹಚ್ಚಬೇಡಿ, ಒಂದು ಸಲ ಹಚ್ಚಿದ ಜಾಗದಲ್ಲಿ ಮುಂದೆ ಯಾವ ಪೇಂಟೂ ಹಿಡಿಯಲ್ಲ, ಕಿಟಕಿ ಚೌಕಟ್ಟಿಗೆ ಬ್ಯೂಟೈಲ್ ಟೇಪ್, ಅಂದ್ರೆ ಮೆತ್ತಗಿನ ರಬ್ಬರಿನ ಅಂಟುಪಟ್ಟಿ ಹಾಕಿ.

ಎಪಾಕ್ಸಿ ದಾರಿ ಹಿಡಿಯೋದಾದ್ರೆ ಚದರ ಮೀಟರಿಗೆ 200 ಗ್ರಾಂ ತೂಕದ ಗ್ಲಾಸ್ ಬಟ್ಟೆ ಸಾಕು. ನಿಮ್ಮ ಟ್ರೇಲರ್ ನಾಲ್ಕು ಅಡಿ ಎತ್ತರ ಅಂದ್ಕೊಂಡ್ರೆ ಹೊರ ಮೈ ಎಲ್ಲ ಸೇರಿ 12 ಚದರ ಮೀಟರ್ ಬರತ್ತೆ, ಬಟ್ಟೆ ನೆನೆಸಿ ಮೇಲೆ ಎರಡು ಕೋಟು ತುಂಬೋಕೆ ಏಳೆಂಟು ಕೆಜಿ ಎಪಾಕ್ಸಿ ಬೇಕು, ಗೋಂದಿಗೆ ಹೋಲಿಸಿದ್ರೆ ಖರ್ಚು ಹಲವು ಪಟ್ಟು. ಗಟ್ಟಿತನದಲ್ಲಿ ಇದಕ್ಕೆ ಸಾಟಿ ಇಲ್ಲ, ತೇವಕ್ಕೆ ಕೊಳೆಯೋಕೆ ಅದರಲ್ಲಿ ಏನೂ ಇಲ್ಲ. ಕಲಸಿದ್ದನ್ನ ಡಬ್ಬದಲ್ಲೇ ಇಟ್ಕೊಂಡು ಕೂತ್ರೆ ಕಾದು ಹೊಗೆ ಬರತ್ತೆ, ಅಗಲವಾದ ಟ್ರೇಗೆ ಸುರಿದುಕೊಳ್ಳಿ, ಕೈಗೆ ನೈಟ್ರೈಲ್ ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ, ಚರ್ಮಕ್ಕೆ ಅಲರ್ಜಿ ಹತ್ತಿದ್ರೆ ಜೀವನಪೂರ್ತಿ ಬಿಡಲ್ಲ. ಒಣಗಿದ ಮೇಲೆ ಜಿಡ್ಡು ಜಿಡ್ಡು ಕೂತಿದ್ರೆ ನೀರಲ್ಲಿ ತೊಳೆದು ಉಜ್ಜಿ ಮುಂದಿನ ಕೋಟು ಹಾಕಿ. ಇದಕ್ಕೂ ಮೇಲೆ ಪೇಂಟ್ ಬೇಕೇಬೇಕು, ಬಿಸಿಲಿಗೆ ಎಪಾಕ್ಸಿ ಹಳದಿ ಆಗಿ ಸುಣ್ಣದ ಥರ ಉದುರತ್ತೆ.

ಎರಡರಲ್ಲಿ ಯಾವುದೇ ಹಾಕಿ, ಮುಂದಿನ ಗೋಡೆಯ ಕೆಳಗಿನ ಒಂದೂವರೆ ಅಡಿಗೆ ಅಲ್ಯುಮಿನಿಯಂ ತಗಡು ಹೊಡೀರಿ. ಕಾರಿನ ಹಿಂದಿನ ಚಕ್ರ ಎಸೆಯೋ ಜಲ್ಲಿ ಬಂದು ಬಡಿಯೋದು ಅಲ್ಲೇ.

ಪ್ರಶ್ನೆ: ಅರಿಜೋನಾದ ಫೀನಿಕ್ಸಲ್ಲಿ ಇದೀವಿ. ಪಿಕಪ್ ಟ್ರಕ್ಕಿನ ಹಿಂಭಾಗಕ್ಕೆ ಹೊಡಿಯೋ ಕಪ್ಪು ಬೆಡ್‌ಲೈನರ್ ಇದೆಯಲ್ಲ, ಅದನ್ನ ಫೋಮ್ ಮೇಲೆ ನೇರವಾಗಿ ಹೊಡೆದುಬಿಟ್ರೆ ಬಟ್ಟೆ ಗೋಂದು ಯಾವ ತಲೆನೋವೂ ಇರಲ್ಲ ಅಲ್ವಾ? ನೋಡೋಕೂ ಗತ್ತಾಗಿರತ್ತೆ.

ಉತ್ತರ: ಫೀನಿಕ್ಸಲ್ಲಿ ಕಪ್ಪು ಬಣ್ಣ ಖಂಡಿತ ಬೇಡ. ಎಕ್ಸ್‌ಪಿಎಸ್ ಫೋಮು ತಡ್ಕೊಳ್ಳೋದು 74 ಡಿಗ್ರಿ ಸೆಲ್ಸಿಯಸ್ ತನಕ ಅಂತ ತಯಾರಿಸೋರೇ ಬರೆದಿರ್ತಾರೆ. ನಿಮ್ಮ ಊರಲ್ಲಿ ಬೇಸಿಗೆಯ ನೆರಳಲ್ಲೇ 43 ಡಿಗ್ರಿ ದಾಟತ್ತೆ, ಕಪ್ಪು ಮೈ ಬಿಸಿಲಲ್ಲಿ ಗಾಳಿಗಿಂತ 30 ಡಿಗ್ರಿ ಮೇಲೆ ಹೋಗೋದು ಏನೂ ವಿಶೇಷ ಅಲ್ಲ, ಸೇರಿಸಿ ನೋಡಿ. ಅದರ ಮೇಲೆ ಇನ್ನೊಂದು, ಕಪ್ಪು ಮೈ ಹಿಂದೆ ಕಬ್ಬಿಣ ಇದ್ದಿದ್ರೆ ಬಿಸಿ ಹರಡಿ ಹೋಗ್ತಿತ್ತು, ಇಲ್ಲಿ ಹಿಂದೆ ಇರೋದೇ ಬಿಸಿ ಬಿಡದ ಫೋಮು, ಇಡೀ ಬಿಸಿ ಹೊದಿಕೆಯಲ್ಲೇ ಕೂರತ್ತೆ. ಫೋಮ್ ಮೆತ್ತಗಾಗಿ ಮೇಲ್ಮೈ ಅಲೆ ಅಲೆ ಆಗತ್ತೆ, ಆಮೇಲೆ ಅದನ್ನ ಸರಿ ಮಾಡೋಕೆ ಸಾಧ್ಯ ಇಲ್ಲ. ನಿಮ್ಮ ಕಡೆ ಬಿಳಿ ಬಿಟ್ಟು ಬೇರೆ ಬಣ್ಣಕ್ಕೆ ನಾನು ಹೂಂ ಅನ್ನಲ್ಲ, ತಿಳಿ ಕೆನೆ ಬಣ್ಣ ಆದ್ರೆ ಆಯ್ತು.

ಬೆಡ್‌ಲೈನರಲ್ಲೂ ಎರಡು ಥರ ಇದೆ. ಸಾಲ್ವೆಂಟ್ (ಥಿನ್ನರ್ ಥರದ ದ್ರಾವಕ) ಇರೋದನ್ನ ಬರೀ ಫೋಮಿಗೆ ಹೊಡೆದ್ರೆ ನಿಮ್ಮ ಕಣ್ಣ ಮುಂದೇನೇ ಫೋಮ್ ಕುಸಿದು ಗುಂಡಿ ಬೀಳತ್ತೆ, ಬಟ್ಟೆ ಹೊದಿಸಿದ ಮೇಲೆ ಹೊಡೆದ್ರೂ ಎಲ್ಲೋ ಸೂಜಿ ಮೊನೆಯಷ್ಟು ತೂತು ಉಳಿದಿದ್ರೆ ಅಲ್ಲಿಂದ ಇಳಿದು ಒಳಗೆ ಗುಹೆ ಮಾಡತ್ತೆ. ಡಬ್ಬದ ಸ್ಪ್ರೇ ಪೇಂಟು, ಕಾಂಟ್ಯಾಕ್ಟ್ ಸಿಮೆಂಟು ಅನ್ನೋ ಗೋಂದು, ಇವೂ ಅದೇ ಗುಂಪಿಗೆ ಸೇರಿದ್ದು. ನೀರಿನ ಆಧಾರದ್ದು, ಬಿಳಿ ಬಣ್ಣದ್ದು ಸಿಗತ್ತೆ, ಅದನ್ನ ಕ್ಯಾನ್ವಾಸ್ ಅಥವಾ ಗ್ಲಾಸ್ ಬಟ್ಟೆ ಮೇಲೆ ಕೊನೆ ಕೋಟಾಗಿ ಹೊಡಿಬಹುದು, ಚೆನ್ನಾಗೇ ಇರತ್ತೆ. ಬಟ್ಟೆ ಇಲ್ಲದೆ ಬರೀ ಅದೊಂದನ್ನೇ ನಂಬಿದ್ರೆ ಗೋಡೆಗೆ ಗಟ್ಟಿತನ ಎಲ್ಲಿಂದ ಬರಬೇಕು ಹೇಳಿ?

ಪ್ರಶ್ನೆ: ಮಿನಿಯಾಪೊಲಿಸ್. ಏರ್‌ಸ್ಟ್ರೀಮ್ ಕಂಪನಿಯ ಟ್ರೇಲರ್ ಥರ ಹೊಳೆಯೋ ಅಲ್ಯುಮಿನಿಯಂ ಹಾಕೋ ಆಸೆ ಇದೆ. ಫೋಮಿಗೆ ಪೂರ್ತಿ ಅಂಟಿಸಿಬಿಡಬಹುದಾ?

ಉತ್ತರ: ಪೂರ್ತಿ ಅಂಟಿಸಬೇಡಿ. ಏರ್‌ಸ್ಟ್ರೀಮ್ 1936ರಲ್ಲಿ ಕ್ಲಿಪ್ಪರ್ ಮಾದರಿ ತಂದಾಗಿಂದ ಮಾಡ್ತಿರೋದು ತಗಡನ್ನ ಅಲ್ಯುಮಿನಿಯಂ ಪಕ್ಕೆಲುಬಿಗೆ ರಿವಿಟ್ ಹೊಡಿಯೋದು, ಅಲ್ಲಿ ಚರ್ಮವೂ ಮೂಳೆಯೂ ಒಂದೇ ಲೋಹ, ಒಟ್ಟಿಗೆ ಹಿಗ್ಗತ್ತೆ ಒಟ್ಟಿಗೆ ಕುಗ್ಗತ್ತೆ. ನಿಮ್ಮಲ್ಲಿ ಚಳಿಗಾಲದ ಮೈನಸ್ 25ರಿಂದ ಬೇಸಿಗೆ ಬಿಸಿಲಿನ 50 ಡಿಗ್ರಿಗೆ ಬಂದ್ರೆ ಎಂಟು ಅಡಿ ತಗಡು 4 ಮಿಲಿಮೀಟರ್ ಉದ್ದ ಆಗತ್ತೆ, ಫೋಮ್ ತನ್ನದೇ ಬೇರೆ ಲೆಕ್ಕದಲ್ಲಿ ಹಿಗ್ಗತ್ತೆ. ಗಟ್ಟಿ ಗೋಂದಲ್ಲಿ ಕಟ್ಟಿ ಹಾಕಿದ್ರೆ ತಗಡು ಉಬ್ಬಿ ಡಬ್ ಡಬ್ ಅನ್ನತ್ತೆ, ಇಲ್ಲ ಫೋಮಿನ ಮೇಲ್ಪದರ ಕಿತ್ತು ಬರತ್ತೆ. ಆಸೆ ಬಿಡೋಕಾಗಲ್ಲ ಅಂದ್ರೆ ಅಂಚಿಗೆಲ್ಲ ಮರದ ಪಟ್ಟಿ ಹುದುಗಿಸಿ, ತಗಡಿನ ತೂತು ಸ್ವಲ್ಪ ಉದ್ದ ಮಾಡಿ, ಸ್ಕ್ರೂ ಹಾಕಿ ಮೇಲೆ ಅಂಚುಪಟ್ಟಿ ಮುಚ್ಚಿ, ನಡುವೆ ರಬ್ಬರ್ ಥರ ಎಳೆಯೋ ಪಾಲಿಯುರೆಥೇನ್ ಸೀಲೆಂಟ್ ಗೆರೆ ಗೆರೆಯಾಗಿ ಎಳೆದ್ರೆ ಸಾಕು. ರಸ್ತೆಗೆ ಉಪ್ಪು ಸುರಿಯೋ ಊರು ನಿಮ್ಮದು, ಅಲ್ಯುಮಿನಿಯಂಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದ್ರೆ ಸುತ್ತಲೂ ತಿಂದುಹಾಕತ್ತೆ. ಆಲಿಕಲ್ಲು ಬಿದ್ರೆ ಗುಂಡಿ ಬೀಳತ್ತೆ ಅನ್ನೋದು ನೆನಪಿರಲಿ.

ಪ್ರಶ್ನೆ: ಟೆಕ್ಸಾಸ್‌ನ ಹ್ಯೂಸ್ಟನ್. ಹೋದ ವರ್ಷ ಕ್ಯಾನ್ವಾಸ್ ಗೋಂದು ಪೇಂಟ್ ಎಲ್ಲ ಮಾಡಿದ್ದೆ, ಈ ಬೇಸಿಗೆಗೆ ಮಾಡಿನ ಮೇಲೆ ಗುಳ್ಳೆ ಗುಳ್ಳೆ ಎದ್ದಿದೆ. ಎಲ್ಲಾ ಕಿತ್ತು ಹಾಕಿ ಮತ್ತೆ ಮಾಡ್ಬೇಕಾ? ಮನಸ್ಸಿಗೆ ತುಂಬ ಬೇಜಾರಾಗಿದೆ.

ಉತ್ತರ: ಬೇಜಾರು ಮಾಡ್ಕೋಬೇಡಿ, ಎಲ್ಲಾ ಕೀಳೋದು ಬೇಡ. ಕ್ಯಾನ್ವಾಸ್ ನನಗೆ ಇಷ್ಟ ಆಗೋದೇ ಇದಕ್ಕೆ, ಒಂದು ಅಂಗೈ ಅಗಲ ಹಾಳಾದ್ರೆ ಅಷ್ಟನ್ನೇ ಸರಿ ಮಾಡಬಹುದು. ಮೊದಲು ಒಂದು ಗುಳ್ಳೆನ ಬ್ಲೇಡಲ್ಲಿ ಸಣ್ಣಗೆ ಸೀಳಿ ಒಳಗೆ ನೋಡಿ. ನೀರು ಬಂದ್ರೆ ಎಲ್ಲೋ ಮೇಲ್ಗಡೆ ಅಂಚಿಂದ, ಫ್ಯಾನ್ ಕೂರಿಸಿದ ಜಾಗದಿಂದ ಇಳೀತಿದೆ, ಅದನ್ನ ಹುಡುಕಿ ಮುಚ್ಚೋ ತನಕ ಗುಳ್ಳೆ ಮುಟ್ಟಬೇಡಿ. ಒಣಗಿದೆ, ಬಟ್ಟೆ ಫೋಮಿಂದ ಬಿಟ್ಟಿದೆ, ಬಟ್ಟೆಯ ಹಿಂದೆ ಗೋಂದು ನುಣ್ಣಗೆ ಗಾಜಿನ ಥರ ಕಾಣ್ತಿದೆ ಅಂದ್ರೆ ಫೋಮಿನ ಹೊಳಪು ಸರಿಯಾಗಿ ಉಜ್ಜಿ ತೆಗೆದಿಲ್ಲ. ಬಟ್ಟೆ ಭದ್ರವಾಗೇ ಇದೆ, ಬರೀ ಪೇಂಟ್ ಮಾತ್ರ ಎದ್ದಿದೆ ಅಂದ್ರೆ ಗೋಂದು ಒಣಗೋ ಮೊದಲೇ ಪೇಂಟ್ ಹೊಡೆದಿರ್ತೀರಿ, ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಪೇಂಟನ್ನ ತಳ್ಳಿದೆ. ಹ್ಯೂಸ್ಟನ್ನಿನ ಗಾಳಿಯಲ್ಲೇ ತೇವ ತುಂಬಿರೋದ್ರಿಂದ ಅಲ್ಲಿ ಗೋಂದು ಒಣಗೋಕೆ ಡಬ್ಬದ ಮೇಲೆ ಬರೆದಿದ್ದಕ್ಕಿಂತ ತುಂಬ ಜಾಸ್ತಿ ದಿನ ಬೇಕು.

ಬಟ್ಟೆ ಬಿಟ್ಟಿದ್ರೆ ಗುಳ್ಳೆ ಮೇಲೆ ಇಂಟು ಮಾರ್ಕ್ ಥರ ಕೊಯ್ದು, ನಾಲ್ಕು ಕಿವಿ ಎತ್ತಿ, ಒಳಗೆ ಫೋಮನ್ನ ಮರಳು ಕಾಗದದಲ್ಲಿ ಉಜ್ಜಿ, ಸಣ್ಣ ಬ್ರಷ್ಷಲ್ಲಿ ಗೋಂದು ಹಚ್ಚಿ, ಕಿವಿ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಮರಳು ಚೀಲ ಹೇರಿ. ಒಂದು ದಿನ ಬಿಟ್ಟು ಪ್ಲಾಸ್ಟಿಕ್ ತೆಗೆದು ಗಾಳಿಗೆ ಬಿಡಿ. ಆಮೇಲೆ ಸುತ್ತ ಎರಡು ಇಂಚು ಪೇಂಟ್ ಕೆರೆದು ಹೊಸ ಬಟ್ಟೆ ತೇಪೆ, ಪೇಂಟು. ಮಾಡಿನ ಬಣ್ಣ ಏನು ಅಂತ ನೀವು ಬರೆದಿಲ್ಲ. ಗಾಢ ಬಣ್ಣ ಇದ್ರೆ ಇದೇ ಸಮಯಕ್ಕೆ ಬಿಳಿ ಮಾಡಿಬಿಡಿ, ಬಿಸಿ ಏರಿದ ಹಾಗೆ ಈ ಗೋಂದಿನ ಹಿಡಿತ ಸಡಿಲ ಆಗತ್ತೆ, ಗುಳ್ಳೆ ಮಾಡಲ್ಲೇ ಎದ್ದು ಗೋಡೇಲಿ ಏಳದೆ ಇರೋದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: ಶಿರಸಿಯಿಂದ ಬರೀತಿದೀನಿ. ನಮ್ಮ ಬೊಲೆರೊ ಹಿಂದೆ ಎಳೆಯೋಕೆ ಇಂಥದ್ದೊಂದು ಥರ್ಮಾಕೋಲಲ್ಲಿ ಮಾಡಿ, ನಮ್ಮೂರ ಫೈಬರ್ ಕೆಲಸದವರ ಹತ್ರ ಮೇಲೆ ಫೈಬರ್ ಹೊಡೆಸಬಹುದಾ?

ಉತ್ತರ: ಆ ಫೈಬರ್ ಕೆಲಸದವರ ಕೈಗೆ ಕೊಡೋ ಮೊದಲು ಯಾವ ರೆಸಿನ್ ಅಂತ ಕೇಳಿ. ನಮ್ಮ ಕಡೆ ನೀರಿನ ಟ್ಯಾಂಕು, ಬಾಗಿಲು, ದೋಣಿಗೆಲ್ಲ ಬಳಸೋದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿ ಸ್ಟೈರೀನ್ ಇರತ್ತೆ, ಥರ್ಮಾಕೋಲ್ ಮೇಲೆ ಹಚ್ಚಿದ್ರೆ ಗಟ್ಟಿ ಆಗೋ ಮೊದಲೇ ಥರ್ಮಾಕೋಲ್ ಕರಗಿ ಹೋಗತ್ತೆ, ಬಿಳಿ ಶೀಟಾಗಲಿ ಎಕ್ಸ್‌ಪಿಎಸ್ ಆಗಲಿ ಎರಡೂ. ಎಪಾಕ್ಸಿನೇ ಆಗಬೇಕು, ಅವರು ಎರಡೂ ಒಂದೇ ಸ್ವಾಮಿ ಅಂದ್ರೆ ಒಂದು ಥರ್ಮಾಕೋಲ್ ಚೂರಿನ ಮೇಲೆ ಅವರ ರೆಸಿನ್ ಸುರಿಸಿ ಅಲ್ಲೇ ನಿಂತು ನೋಡಿ.

ಟಿವಿ ಪ್ಯಾಕಿಂಗಿನ ಥರ್ಮಾಕೋಲ್ ಬೇಡ, ಕಾಳು ಕಾಳಾಗಿ ಉದುರತ್ತೆ. ತಾರಸಿಗೆ ಬಿಸಿಲು ತಡೆಯೋಕೆ ಹಾಕೋ ಎಕ್ಸ್‌ಪಿಎಸ್ ಶೀಟು ಬೆಂಗಳೂರಲ್ಲಿ ಸಿಗತ್ತೆ. ಕ್ಯಾನ್ವಾಸ್ ದಾರಿ ಹಿಡಿದ್ರೆ ಟೈಟ್‌ಬಾಂಡ್ ಬದಲು ಫೆವಿಕಾಲ್ ಮರೀನ್ ತಗೊಳ್ಳಿ, ಸಾದಾ ಬಿಳಿ ಫೆವಿಕಾಲ್ ಮಳೆಗೆ ಬಿಟ್ಕೊಳ್ಳತ್ತೆ. ಬಟ್ಟೆ ಅಂಗಡೀಲಿ ಲಾರಿ ತಾಡಪಾಲಿನ ಕ್ಯಾನ್ವಾಸ್ ತೋರಿಸ್ತಾರೆ, ಅದಕ್ಕೆ ಮೊದಲೇ ಮೇಣದ ಥರದ್ದು ಹಾಕಿರ್ತಾರೆ, ಗೋಂದು ಒಳಗೆ ಇಳಿಯಲ್ಲ. ಏನೂ ಹಾಕದ ಹಸಿ ಹತ್ತಿ ಕ್ಯಾನ್ವಾಸ್ ಬೇಕು ಅಂತ ಕೇಳಿ, ಒಂದು ಹನಿ ನೀರು ಬಿಟ್ಟು ನೋಡಿ, ಹೀರ್ಕೊಂಡ್ರೆ ಸರಿ.

ಒಳಗೆ ಒಲೆ ಹಚ್ಚೋದು ಬೇಡವೇ ಬೇಡ, ಈ ಫೋಮಿಗೆ ಬೆಂಕಿ ತಗುಲಿದ್ರೆ ಕಪ್ಪು ಹೊಗೆ ಕ್ಷಣದಲ್ಲಿ ತುಂಬತ್ತೆ, ಅಡುಗೆ ಏನಿದ್ರೂ ಹೊರಗೆ. ರಾತ್ರಿ ಮಲಗೋವಾಗ ಗಾಳಿ ಆಡೋಕೆ ಎರಡು ಕಿಂಡಿ ಇರಲೇಬೇಕು. ಮತ್ತೆ ನಮ್ಮ ಕಾನೂನಲ್ಲಿ ಟ್ರೇಲರ್ ಅನ್ನೋದೂ ಒಂದು ವಾಹನವೇ, ಅದಕ್ಕೂ ನೋಂದಣಿ ಬೇಕು, ಹಾಗಾಗಿ ಒಂದು ಶೀಟೂ ಕೊಳ್ಳೋ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಮಾತಾಡಿ ಬನ್ನಿ. ಅಲ್ಲಿ ಆಗಲ್ಲ ಅಂದ್ರೆ ಇದೇ ಪೆಟ್ಟಿಗೆನ ತೋಟದಲ್ಲಿ ಕಲ್ಲುಕಂಬದ ಮೇಲೆ ಕೂರಿಸಿ, ಕಾವಲಿಗೆ ಮಲಗೋಕೆ ಚೆನ್ನಾಗಿರತ್ತೆ. ಹೊದಿಕೆ ಕೆಲಸ ಮಳೆ ನಿಂತ ಮೇಲೆ, ದೀಪಾವಳಿ ಕಳೆದು ಶುರು ಮಾಡಿ, ಕೊನೇ ಕೋಟು ಪೇಂಟ್ ಆಗಿ ಒಂದೆರಡು ತಿಂಗಳು ಬಿಸಿಲು ಕಂಡ ಮೇಲೆ ಮಳೆಗಾಲ ಬರಲಿ. ಅಷ್ಟು ಸಮಯ ಸಿಗದಿದ್ರೆ ಮೊದಲ ಮಳೆಗಾಲ ಅದನ್ನ ಕೊಟ್ಟಿಗೆ ಮಾಡಿನ ಕೆಳಗೇ ನಿಲ್ಲಿಸಿ.